ಭಂಡಾರ ಹಚ್ಚಿದ ಫೋನು

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೇರೆಯವರು ಹೇಳಿ ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೆಸರು ಭೀಮಶಿ. ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ನಮ್ಮಪ್ಪ ಕುರಿ ಕಾಯ್ದ, ಅಕ್ಕ ಸುಂದರವ್ವ ಇವತ್ತಿಗೂ ಕುರಿ ಕಾಯುತ್ತಾಳೆ, ನಾನೊಬ್ಬ ಮಾತ್ರ ಕುರಿ ಬಿಟ್ಟು ಫೋನು ಕಾಯುತ್ತ ಕುಳಿತವನು. ಸಿಟ್ಟು ಮಾತ್ರ ಹಿರಿಯರದ್ದೇ, ಅದನ್ನು ಬಿಟ್ಟು ಬರಲಿಲ್ಲ.

ಏಳು ವರ್ಷದ ಹಿಂದೆ, ಎರಡು ಸಾವಿರದ ಹದಿನೈದರಲ್ಲಿ, ನನಗೆ ವಿಂಡೋಸ್ ಫೋನಿನ ಹುಚ್ಚು ಹಿಡಿಯಿತು. ಪರದೆಯ ತುಂಬ ಬಣ್ಣದ ಚೌಕಗಳಿರುವ ಫೋನು. ಕೈ ಜಾರಿ ಬಿದ್ದರೆ ಫರಸಿಕಲ್ಲಿಗೇ ಪೆಟ್ಟಾಗಬೇಕು, ಅಷ್ಟು ಗಟ್ಟಿ. ಬನಹಟ್ಟಿಯ ನೇಕಾರರು ಅದರಲ್ಲಿ ಸೀರೆ ಸೆರಗಿನ ಫೋಟೊ ತೆಗೆದರೆ ಎಳೆ ಎಳೆ ಎಣಿಸಬಹುದಿತ್ತು. ಒಂದೇ ಕೊರತೆ: ಆ್ಯಪ್ ಇರಲಿಲ್ಲ. ಒಂದೊಂದು ಜಾತಿಯ ಫೋನಿಗೂ ಆ್ಯಪನ್ನು ಬೇರೆಬೇರೆಯಾಗಿ ಮಾಡಬೇಕಾಗುತ್ತದೆ. ಊರೆಲ್ಲ ಹಿಡಿದ ಫೋನಿಗೆ ಎಲ್ಲರೂ ಮಾಡುತ್ತಾರೆ, ನೂರರಲ್ಲಿ ಇಬ್ಬರು ಹಿಡಿದ ಫೋನಿಗೆ ಯಾರು ಮಾಡುತ್ತಾರೆ? ಆಗ ನನಗೆ ಇದು ತಿಳಿಯಲಿಲ್ಲವೆಂದಲ್ಲ, ತಿಳಿದುಕೊಳ್ಳಲು ಮನಸ್ಸಿರಲಿಲ್ಲ. "ಬರ್ತಾವ, ಇಂದಿಲ್ಲ ನಾಳೆ ಬರ್ತಾವ" ಎನ್ನುತ್ತ ಹನ್ನೊಂದು ಮಂದಿಗೆ ಮಾರಿದೆ. ನನಗೊಂದು ಇಟ್ಟುಕೊಂಡೆ. ಅದರ ಜೋಡಿಯನ್ನು ಅಕ್ಕನ ಮಗಳು ಮಾಯಾಳ ಮದುವೆಯಲ್ಲಿ ಸೋದರಮಾವನ ಆಯೇರವಾಗಿ ಕೊಟ್ಟೆ.

ಮದುವೆ ಗಂಡಿನ ಊರು ರನ್ನ ಬೆಳಗಲಿಯಲ್ಲಿ, ಬೀರಪ್ಪನ ಗುಡಿಯ ಮುಂದೆ. ಗಂಡು ವಿಜಯ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಬಾಯಿ ಕಡಿಮೆ. ಅವನ ಕಡೆಯ ಯಾರೋ ಒಬ್ಬ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೋ ಇದು, ಮಾಮಾನ ಫೋನಿನ್ಯಾಗ ಆ್ಯಪ್ಪ ಇಲ್ಲಂತಲ್ಲೋ! ಬರೇ ಡಬ್ಬಿ ಕೊಟ್ಟಾನ" ಎಂದು ಹಲ್ಲು ಕಿರಿದ. ಮಂದಿ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಪೂಜಾರಿ ಸಾಬಣ್ಣಜ್ಜನ ತಟ್ಟೆಗೆ ಕೈ ಹಾಕಿ ಒಂದು ಹಿಡಿ ಭಂಡಾರ ತೆಗೆದೆ. ಭಂಡಾರವೆಂದರೆ ಬೀರಪ್ಪನ ಅರಿಶಿನಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ಕಾಗದ ಬೇಡ, ಸಹಿ ಬೇಡ. ಫೋನಿಗೂ ಹಚ್ಚಿದೆ, ನನ್ನ ಹಣೆಗೂ ಬಳಿದುಕೊಂಡೆ.

"ಕೇಳ್ರಿ ಎಲ್ಲಾರೂ! ಈ ಫೋನಿನ್ಯಾಗ ಮಾಯಾ ಯಾವ ಆ್ಯಪ್ ಕೇಳ್ತಾಳ, ಅದನ್ನ ನಾ ಹಾಕಿ ಕೊಡ್ತೀನಿ. ಅಕಿ ಕೇಳಿದ್ದು ಕೊಡಾಕ ಆಗಲಿಲ್ಲಂದ್ರ, ಅವತ್ತ ನನ್ನ ಅಂಗಡಿಗೆ ಕೀಲಿ. ಬೀರಪ್ಪನ ಭಂಡಾರದ ಆಣಿ!"

ನಗು ನಿಂತಿತು. ಸಾಬಣ್ಣಜ್ಜ ನನ್ನ ರಟ್ಟೆ ಹಿಡಿದು ಮೆಲ್ಲಗೆ, "ಹುಚ್ಚಪ್ಪಾ, ಭಂಡಾರ ಮುಟ್ಟಾಕ ಒಂದ ಬೆರಳ ಸಾಕು. ತೊಳಕೊಳ್ಳಾಕ ಹೊಳಿ ಸಾಲೂದಿಲ್ಲ" ಎಂದ. ನಾನು ಮೀಸೆ ತಿರುವಿದೆ. ಬಾಸಿಂಗ ಕಟ್ಟಿಕೊಂಡಿದ್ದ ಮಾಯಾ ನನ್ನನ್ನೇ ನೋಡುತ್ತಿದ್ದಳು. ಅಭಿಮಾನದಿಂದ ನೋಡುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ವರ್ಷಗಳು ಹೋದವು, ಆ್ಯಪ್‌ಗಳು ಬರಲಿಲ್ಲ. ಇದ್ದವೂ ಒಂದೊಂದಾಗಿ ನಿಂತವು. ಹನ್ನೊಂದು ಗಿರಾಕಿಗಳೂ ಬೈದುಕೊಂಡು ಬಂದು ಬೇರೆ ಫೋನು ಒಯ್ದರು. ಅವರಿಗೆ ಕೊಟ್ಟವನೂ ನಾನೇ. ಕಪಾಟಿನ ತುಂಬ ಆಂಡ್ರಾಯ್ಡ್ ತುಂಬಿಕೊಂಡು ಕಿಸೆಯಲ್ಲಿ ಮಾತ್ರ ಚೌಕದ ಫೋನು ಇಟ್ಟುಕೊಂಡು ತಿರುಗುತ್ತಿದ್ದೆ. ಯಾರಾದರೂ ಚೇಷ್ಟೆ ಮಾಡಿದರೆ, "ನಮ್ಮ ಮಾಯಾನ್ನ ಕೇಳ್ರಿ. ಇಷ್ಟ ವರ್ಷದಾಗ ಒಂದ ದಿನಾ ಅದು ಬೇಕು, ಇದು ಬೇಕು ಅಂದಿಲ್ಲ. ಫೋನ್ ಛಲೋ ಐತಿ, ನಿಮಗ ಬಳಸಾಕ ಬರಂಗಿಲ್ಲ" ಎನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ಅದರಲ್ಲಿ ವಾಟ್ಸಾಪ್ ಕೂಡ ನಿಂತುಹೋಯಿತು. ಈಗ ಕೇಳುತ್ತಾಳೆ, ಮುಗಿಯಿತು ನನ್ನ ಅಂಗಡಿ ಎಂದುಕೊಂಡು ನಾನೇ ಮಾಯಾಳಿಗೆ ಫೋನು ಮಾಡಿದೆ.

"ಮಾಯವ್ವಾ, ಫೋನಿಗೆ ಏನರ ಬೇಕಾಗೇತೇನ?"

"ಏನೂ ಬ್ಯಾಡ ಮಾಮಾ. ಎಲ್ಲಾ ಛಲೋ ಐತಿ."

ಎರಡು ಕಪ್ ಚಹಾ ಕುಡಿದೆ ಅವತ್ತು, ಖುಷಿಯಲ್ಲಿ. ನನ್ನಂಥ ಕೋಣ ಜಮಖಂಡಿ, ಮುಧೋಳ, ಬೀಳಗಿ ಮೂರೂ ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ.

ಈ ಸಲ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಶುಕ್ರವಾರ ಮಧ್ಯಾಹ್ನ ಮಾಯಾಳ ಅತ್ತೆ ಅನಸವ್ವ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಸಂತೆ ಚೀಲ, ಇನ್ನೊಂದು ಕೈ ಸೊಂಟದ ಮೇಲೆ.

"ಏನಪಾ ಭೀಮಶಿ, ನಿನ್ನ ಫೋನಿಗೊಂದ ಬೆಂಕಿ ಬೀಳ್ಲಿ!"

"ಬರ್ರಿ ಅಕ್ಕಾರ, ಕುಂದರ್ರಿ. ಚಾ ಹೇಳ್ತೀನಿ."

"ಚಾ ಆಮ್ಯಾಲ. ಮೊದಲ ನನ್ನ ಸೊಸಿ ನೌಕರಿ ಹೇಳು."

ನನಗೆ ತಲೆಬುಡ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕುಳಿತು ಅವಳೇ ಬಿಡಿಸಿ ಹೇಳಿದಳು. ಊರಿನ ಆಡು-ಕುರಿಗಳಿಗೆ ಲಸಿಕೆ, ಜಂತಿನ ಔಷಧ ನೋಡಿಕೊಳ್ಳಲು ಪಶುಸಖಿ ಅಂತ ಒಬ್ಬ ಹೆಣ್ಣುಮಗಳನ್ನು ತೆಗೆದುಕೊಳ್ಳುತ್ತಾರೆ. ತರಬೇತಿಯಲ್ಲಿ ಮಾಯಾಳದ್ದೇ ಮೊದಲ ನಂಬರು. ಕುರಿ ಕೆಮ್ಮಿದ ಸಪ್ಪಳದಲ್ಲೇ ಅದಕ್ಕೆ ಯಾವ ಬೇನೆ ಎಂದು ಹೇಳುವ ಹುಡುಗಿ ಅದು, ಕುರಿಹಟ್ಟಿಯಲ್ಲೇ ಹುಟ್ಟಿದ್ದು. ಆದರೆ ದಿನಾ ಕುರಿಯ ಫೋಟೊ ತೆಗೆದು ಆ್ಯಪಿನಲ್ಲಿ ಹಾಕಬೇಕು. ಸೋಮವಾರ ಮುಂಜಾನೆ ಆ ಆ್ಯಪ್ ಇರುವ ಫೋನು ಹಿಡಿದುಕೊಂಡು ಬಂದರೆ ನೌಕರಿ, ಇಲ್ಲವೆಂದರೆ ಎರಡನೆಯ ನಂಬರಿನವಳಿಗೆ.

"ಅಕಿ ಏನಂತಾಳ?" ಎಂದೆ.

"ಏನಂತಾಳ? ನೌಕರಿ ಬ್ಯಾಡ ಅಂತಾಳ. ಮೂರ ದಿನಾ ಆತು, ಹಿತ್ತಲದಾಗ ಕುಂತ ಅಳತಾಳ, ಒಳಗ ಬಂದ ನಗತಾಳ."

ನನಗೆ ಮೊದಲು ಬಂದದ್ದು ಸಿಟ್ಟು. "ಅಕಿಗೆ ಬಾಯಿ ಇಲ್ಲೇನು? ನನಗೊಂದ ಮಾತ ಕೇಳಬೇಕಿಲ್ಲೋ?"

"ಕೇಳಿದ್ರ ನಿನ್ನ ಅಂಗಡಿಗೆ ಕೀಲಿ ಬೀಳ್ತೈತಿ ಅಂತಾಳೋ! ಏಳ ವರ್ಷ ಆತು, ಅದಕ್ಕ ಬಾಯಿ ಮುಚಗೊಂಡ ಕುಂತಾಳ. ಇಲ್ಲದ್ದು ಕೇಳಿ ಮಾಮಾನ ಮಾತ ಸುಳ್ಳ ಮಾಡ್ಲೇನು ಅತ್ತಿ ಅಂತಾಳ. ನನ್ನ ಮಗಾ ದೀಪಾವಳಿಗೆ ಹೊಸಾ ಫೋನ್ ತಂದ. ಅದನ್ನೂ ಟ್ರಂಕಿನ್ಯಾಗ ಇಟ್ಟಾಳ. ಅದನ್ನ ಹಿಡದ್ರೂ, ಗಂಡನ ಫೋನಿನ್ಯಾಗ ನೋಡಿದ್ರೂ ನಿನ್ನ ಮಾತ ಬಿದ್ದಂಗಂತ." ಅನಸವ್ವ ಉಸಿರು ತೆಗೆದುಕೊಂಡಳು. "ಬೀರಪ್ಪಗ ಆ್ಯಪ್ ಅಂದ್ರ ಏನ ಗೊತ್ತೋ ಮಾರಾಯಾ? ನಡುವ ಅವನ್ನ ಯಾಕ ಎಳಕೊಂಡ ಬಂದಿ ನೀ?"

ನಾನು ಚಹಾ ತರಿಸಿದೆ. ಅವಳು ಚಹಾ ಕುಡಿದಳು, ತಾನು ಬಂದದ್ದನ್ನು ಸೊಸೆಗೆ ಹೇಳಬಾರದು ಎಂದಳು, ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಅವತ್ತು ಉಳಿದ ಹೊತ್ತೆಲ್ಲ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ ನನ್ನ ಚೌಕದ ಫೋನಿನ ಮುಂದೆ ಕುಳಿತೆ. ಇಪ್ಪತ್ತು ವರ್ಷದಲ್ಲಿ ಕಲಿತ ವಿದ್ಯೆಯನ್ನೆಲ್ಲ ಅದರ ಮೇಲೆ ಪ್ರಯೋಗ ಮಾಡಿದೆ. ಕಂಪ್ಯೂಟರಿಗೆ ಹಚ್ಚಿದೆ, ಬಿಡಿಸಿದೆ, ಮತ್ತೆ ಹಚ್ಚಿದೆ. ಆ ಪಶುಸಖಿ ಆ್ಯಪ್ ಅದರೊಳಗೆ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ನನಗೆ ರಿಪೇರಿ ಕಲಿಸಿದ ಗುರುವಿಗೆ ಫೋನು ಮಾಡಿದರೆ, "ಇನ್ನೂ ಅದನ್ನ ಹಿಡಕೊಂಡ ಕುಂತೀಯೇನೋ? ಅದರ ಆ್ಯಪಿನ ಅಂಗಡೀನ ಮುಚ್ಚಿ ಹೋತಲ್ಲೋ" ಎಂದು ನಕ್ಕ. ಫೋನು ಕುಕ್ಕಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದ ಹಾಗೆ ಇಷ್ಟು ವರ್ಷ ತಿರುಗಿದ್ದೆ. ಈಗ ಮೀಸೆಯಲ್ಲ, ಬಾಯಿ ತುಂಬ ಮಣ್ಣು.

ಒಂದೊಂದೇ ನೆನಪಿಗೆ ಬಂದವು. ಮಾಯಾ ಬಸುರಿ ಇದ್ದಾಗ ಹಣ ಕಳಿಸಲು ಮುಧೋಳದ ಬ್ಯಾಂಕಿನಲ್ಲಿ ಪಾಳಿ ಹಚ್ಚಿ ನಿಂತಿದ್ದಳು. ನಾನು ಕಂಡು, "ಮನ್ಯಾಗ ಕುಂದರಬಾರದೇನ?" ಎಂದು ಗದರಿಸಿದ್ದೆ. ನೆಂಟರಲ್ಲಿ ಒಂದು ನಿಶ್ಚಯ ಕಾರ್ಯವನ್ನು ಎಲ್ಲರೂ ಫೋನಿನಲ್ಲೇ ನೋಡಿದಾಗ ಮಾಯಾ ಮಾತ್ರ "ಕೆಲಸ ಇತ್ತು ಮಾಮಾ" ಎಂದಿದ್ದಳು. ದೊಡ್ಡಸ್ತಿಕೆ ಬಂದಿದೆ ಇವಳಿಗೆ ಎಂದು ನಾನೇ ಅಂದಿದ್ದೆ. ನೆನೆಸಿಕೊಂಡರೆ ನಾಚಿಕೆ, ನಾಚಿಕೆಯ ಹಿಂದೆ ಅಳು. ಕೌಂಟರಿನ ಕೆಳಗೆ ಬಗ್ಗಿ, ಸ್ಕ್ರೂ ಹುಡುಕುವವನ ಹಾಗೆ ಅತ್ತೆ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿ, ನಾಳೆಯಿಂದ ಅಂಗಡಿಗೆ ಕೀಲಿ ಹಾಕುತ್ತೇನೆ ಎಂದೆ. ಮನೆಯಲ್ಲಿ ಸಾಲಿಗೆ ಹೋಗುವ ಮಕ್ಕಳಿಬ್ಬರು, ನಮಗಿರುವುದು ಅದೊಂದೇ ಅಂಗಡಿ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುತ್ತಲೇ, "ಹಾಕ್ರಿ. ಆ ಹುಡುಗಿ ಏಳ ವರ್ಷ ತಡಕೊಂಡಾಳ, ನಮಗ ಆಗೂದಿಲ್ಲೇನು?" ಎಂದಳು.

ಶನಿವಾರ ಮುಂಜಾನೆ ಶಟರ್ ಎಳೆದು ಕೀಲಿ ಹಾಕಿದೆ. ಬಾಜೂ ಚಹಾದಂಗಡಿಯವನು ಬಗ್ಗಿ ನೋಡಿ, "ಯಾಕ್ರಿ ಭೀಮಶಣ್ಣ, ಯಾರರ ತೀರಿಕೊಂಡ್ರೇನು?" ಎಂದ. ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮುಧೋಳದಲ್ಲಿ ಬಸ್ಸು ಬದಲಿಸಿದೆ. ಕಾರ್ಖಾನೆಗಳು ಶುರುವಾಗಿದ್ದವು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು, ಒಂದಕ್ಕೆ ಎರಡೆರಡು ಟ್ರೇಲರು. ಬಸ್ಸು ಅವುಗಳ ಹಿಂದೆ ಆಮೆಯ ಹಾಗೆ ಹೋಯಿತು. ಬೇರೆ ದಿನವಾಗಿದ್ದರೆ ಡ್ರೈವರನಿಗೆ ನಾಲ್ಕು ಮಾತು ಅಂದಿರುತ್ತಿದ್ದೆ. ಅವತ್ತು ತಡವಾದಷ್ಟೂ ಒಳ್ಳೆಯದೇ ಅನಿಸುತ್ತಿತ್ತು.

ಬೆಳಗಲಿಯ ಮನೆಯಲ್ಲಿ ಮಾಯಾ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ವಿಜಯ ಕಾರ್ಖಾನೆಗೆ ಹೋಗಿದ್ದ. ಅವಳ ಒಂದೂವರೆ ವರ್ಷದ ಕೂಸು ಗೋಡೆ ಹಿಡಿದು ನಿಂತು ನನ್ನನ್ನು ಪಿಳಿಪಿಳಿ ನೋಡಿತು. ಅನಸವ್ವ ಏನೂ ಗೊತ್ತಿಲ್ಲದವಳ ಹಾಗೆ, "ಅಯ್ಯ, ಹೇಳದ ಕೇಳದ ಬಂದ್ಯಲ್ಲೋ ಭೀಮಶಿ!" ಎಂದು ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಾಟಕದಲ್ಲಿ ಪಾತ್ರ ಮಾಡಬೇಕಾದವಳು ಅವಳು.

ಜಗಲಿಯ ಮೇಲೆ ಕುಳಿತೆ. "ಮಾಯವ್ವಾ, ನಿನ್ನ ಫೋನ್ ತಗೊಂಡ ಬಾ" ಎಂದೆ. ತಂದಳು. ಏಳು ವರ್ಷವಾದರೂ ಒಂದು ಗೆರೆ ಬಿದ್ದಿರಲಿಲ್ಲ. ಹಿಂಬದಿಯ ಮೂಲೆಯಲ್ಲಿ ಮದುವೆಯ ದಿನದ ಭಂಡಾರದ ಹಳದಿ ಇನ್ನೂ ಕುಳಿತಿತ್ತು. ಅದನ್ನು ಒರೆಸಿಕೊಂಡಿರಲಿಲ್ಲ ಹುಡುಗಿ.

"ಇದಕ್ಕ ಏನ ಬೇಕು, ಕೇಳು."

"ಏನೂ ಬ್ಯಾಡ ಮಾಮಾ. ಎಲ್ಲಾ ಛಲೋ ಐತಿ."

"ಪಶುಸಖಿ ಆ್ಯಪ್ ಕೇಳು."

ಅವಳು ಅತ್ತೆಯ ಕಡೆಗೆ ತಿರುಗಿದಳು. ಅನಸವ್ವ ಶೇಂಗಾದ ಬುಟ್ಟಿಯೊಳಗೆ ಏನನ್ನೋ ಹುಡುಕತೊಡಗಿದಳು.

"ನಾ ಕೇಳೂದಿಲ್ಲ ಮಾಮಾ."

"ಕೇಳ ಬೇ!"

"ಕೇಳೂದಿಲ್ಲ ಅಂದ್ನೆಲ್ಲಾ!" ಅವಳಿಗೂ ಸಿಟ್ಟು ಬಂತು. ನಮ್ಮ ಮನೆತನದ್ದೇ ಸಿಟ್ಟು. "ನೌಕರಿ ಇವತ್ತಿಲ್ಲ ನಾಳೆ ಇನ್ನೊಂದ ಬಂದೀತು. ಅವ್ವ ಕುರಿ ಹಿಂದ ಹೋದಾಗ ನಾ ನಿಮ್ಮ ಮನ್ಯಾಗ ಬೆಳದಾಕಿ. ನೀ ಆ ಅಂಗಡ್ಯಾಗ ದುಡದ ನನ್ನ ಸಾಲಿ ಫೀ ತುಂಬೀದಿ. ಅದಕ್ಕ ನಾನ ಕೀಲಿ ಹಾಕಸಲೇನು? ಮಂದಿ ಮುಂದ ನೀ ಭಂಡಾರ ಹಿಡದಾಗ ನನಗ ಎಷ್ಟ ಅಂಜಿಕಿ ಬಂತು ಗೊತ್ತೇನ?"

ಬಾಸಿಂಗದ ಕೆಳಗಿನ ಆ ಕಣ್ಣುಗಳು ನೆನಪಾದವು. ಅದು ಅಭಿಮಾನವಾಗಿರಲಿಲ್ಲ. ಅವತ್ತೇ ಆ ಕ್ಷಣವೇ ಹುಡುಗಿ ಏನನ್ನೂ ಕೇಳಬಾರದೆಂದು ನಿರ್ಧಾರ ಮಾಡಿದ್ದಳು.

ಕಿಸೆಗೆ ಕೈ ಹಾಕಿ ಕೀಲಿಕೈ ತೆಗೆದೆ. ಅವಳ ಅಂಗೈ ಬಿಡಿಸಿ ಅದರಲ್ಲಿ ಇಟ್ಟೆ.

"ಮುಂಜಾನೆನ ಕೀಲಿ ಹಾಕಿ ಬಂದೇನಿ ಯವ್ವಾ. ನೀ ಕಾಯೂವಂಥಾದ್ದು ಇನ್ನೇನೂ ಉಳದಿಲ್ಲ. ನನ್ನ ಮಾತ ಸುಳ್ಳಾತು. ಇವತ್ತಲ್ಲ, ಅವತ್ತ ಸುಳ್ಳ ಇತ್ತು. ತಪ್ಪ ನಂದು. ಈಗ ಕೇಳು."

ಮಾಯಾ ಕೀಲಿಕೈ ನೋಡಿದಳು. ಆಮೇಲೆ ಅದನ್ನು ಎದೆಗೆ ಒತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ಜೋರಾಗಿ ಅತ್ತಳು. ಕೂಸು ಹೆದರಿ ತಾನೂ ದನಿ ತೆಗೆಯಿತು. ಅನಸವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಸಾಕ ಬಿಡ್ರಿ, ಮಂದಿ ಏನ ಆತೋ ಅಂತ ಓಡಿ ಬಂದಾರು" ಎಂದು ಒಳಗೆ ಹೋದಳು. ಟ್ರಂಕಿನಿಂದ ಹೊಸ ಫೋನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ತೆಗೆದಿರಲಿಲ್ಲ.

ಮೊದಲು ಪಶುಸಖಿ ಆ್ಯಪ್ ಹಾಕಿದೆ. ಎರಡು ನಿಮಿಷದ ಕೆಲಸ. ಎರಡು ನಿಮಿಷ! ಮಾಯಾ ಕಣ್ಣು ಒರೆಸಿಕೊಂಡು ಬಾಜೂ ಬಂದು ಕುಳಿತಳು. "ಬ್ಯಾಂಕಿಂದು?" ಎಂದಳು. ಹಾಕಿದೆ. "ಕರೆಂಟ್ ಬಿಲ್ ತುಂಬೂದು?" ಅದನ್ನೂ ಹಾಕಿದೆ. "ಡೊಳ್ಳಿನ ಪದ ಕೇಳೂದು ಒಂದ ಐತೆಲ್ಲಾ, ಬಾಜೂ ಮನಿಯಾಕಿ ಫೋನಿನ್ಯಾಗ..." ಹಾಕಿದೆ. ಕೂಸಿಗೆ ಲಸಿಕೆಯ ದಿನ ನೆನಪು ಮಾಡುವುದು, ಪೇಟೆಯ ಧಾರಣೆ ಹೇಳುವುದು, ಹೊಲಿಗೆ ಕಲಿಸುವುದು. ಏಳು ವರ್ಷ ಕೇಳದೇ ಬಿಟ್ಟದ್ದರಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ. ಕೇಳುತ್ತ ಕೇಳುತ್ತ ದನಿ ಬದಲಾಯಿತು. ಸಣ್ಣವಳಿದ್ದಾಗ ಜಮಖಂಡಿ ಪೇಟೆಯಲ್ಲಿ ನನ್ನ ಬೆರಳು ಹಿಡಿದು ಬಳೆ ಕೊಡಿಸು, ರಿಬ್ಬನ್ ಕೊಡಿಸು ಎಂದು ಪೀಡಿಸುತ್ತಿದ್ದ ದನಿ. ಅದು ನಿಂತುಹೋದದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಸಾಬಣ್ಣಜ್ಜ ಕೋಲು ಊರುತ್ತ ಬಂದ. ಅನಸವ್ವಳೇ ಹೇಳಿ ಕಳಿಸಿದ್ದಳು. ಎದ್ದು ಕಾಲು ಮುಟ್ಟಿ, ಮಾತು ಮುರಿದದ್ದನ್ನೂ ಕೀಲಿ ಹಾಕಿದ್ದನ್ನೂ ಹೇಳಿದೆ. ಅಜ್ಜ ಬೆರಳು ಮಡಚಿ ಎಣಿಸಿದ.

"ಅಮಾಸಿಗೆ ಇನ್ನ ಹನ್ನೊಂದ ದಿನಾ ಐತಿ. ಅಲ್ಲೀತನಾ ಕೀಲಿ ಇರ್ಲಿ. ಅಮಾಸಿ ದಿನಾ ಬಂದ ಬೀರಪ್ಪನ ಗದ್ದಿಗಿಗೆ ಒಂದ ಕಂಬಳಿ ಹಾಸು. ತಪ್ಪಾತಪ್ಪಾ ಅನ್ನು. ಭಂಡಾರ ಹಚಗೊಂಡ ಹೋಗಿ ಅಂಗಡಿ ತಗಿ."

"ಇಷ್ಟೇನ ಅಜ್ಜಾ?"

"ಇಷ್ಟ. ಸೋತಾಂವ ಸೋತೇನಿ ಅಂದ್ರ ದೇವ್ರು ಬೆನ್ನ ಹತ್ತೂದಿಲ್ಲ. ಮದಿವಿ ಮರುದಿನಾ ಬಂದ ಕೇಳಿದ್ರೂ ನಾ ಇದನ್ನ ಹೇಳ್ತಿದ್ನಿ."

ಒಂದು ಕಂಬಳಿ, ಹನ್ನೊಂದು ದಿನ. ಇದನ್ನು ಹೋಗಿ ಕೇಳಲು ನನಗೆ ಏಳು ವರ್ಷ ಬಾಯಿ ಬರಲಿಲ್ಲ, ಅದಕ್ಕೆ ಹುಡುಗಿ ತನ್ನ ಬಾಯಿ ಕಟ್ಟಿಕೊಂಡು ಕುಳಿತಳು. ಅಜ್ಜನ ಮುಂದೆ ತಲೆ ಎತ್ತಲು ಆಗಲಿಲ್ಲ.

ಅಜ್ಜ ಚಹಾ ಕುಡಿದು ಹೋದ. ಇನ್ನೇನು ಬೇಕು ಎಂದು ಮಾಯಾಳನ್ನು ಕೇಳಿದೆ. ಅವಳು ಫೋನಿನ ಅಂಚು ಸವರುತ್ತ, ಬಹಳ ಮೆಲ್ಲಗೆ ಹೇಳಿದಳು.

"ಅವ್ವನ ಮಾರಿ ನೋಡೂದ ಹಾಕಿ ಕೊಡು ಮಾಮಾ."

ಅಕ್ಕ ಸುಂದರವ್ವ ಕುರಿಗಳ ಜೊತೆ ಹೊಳೆ ದಾಟಿ ರಾಯಚೂರು ಕಡೆ ಹೋಗಿ ಹತ್ತು ತಿಂಗಳಾಗಿತ್ತು. ಅವಳಿಗೆ ಆಂಡ್ರಾಯ್ಡ್ ಫೋನು ಕೊಟ್ಟವನು ನಾನೇ. ನನ್ನ ಮಕ್ಕಳು ಹೆಂಡತಿಯ ಫೋನಿನಲ್ಲಿ ವಾರಕ್ಕೆರಡು ಸಲ ಅತ್ತೆಯನ್ನೂ ಕುರಿಮರಿಗಳನ್ನೂ ನೋಡಿ ನಗುತ್ತಿದ್ದರು. ಮಾಯಾ ಮಾತ್ರ ಹತ್ತು ತಿಂಗಳಿಂದ ಹೆತ್ತವ್ವನ ದನಿ ಕೇಳಿದ್ದಳೇ ಹೊರತು ಮುಖ ನೋಡಿರಲಿಲ್ಲ.

ವಾಟ್ಸಾಪ್ ಹಾಕಿ ಅಕ್ಕನ ನಂಬರಿಗೆ ವಿಡಿಯೊ ಕಾಲ್ ಹಚ್ಚಿದೆ. ಎರಡು ಸಲ ಕಡಿದುಹೋಯಿತು. ಮೂರನೆಯ ಸಲ ಒಂದಿಷ್ಟು ಆಕಾಶ, ಒಂದು ಕುರಿಯ ಕಿವಿ, ಆಮೇಲೆ ಅಕ್ಕನ ಹಣೆ ಕಂಡಿತು.

"ಯಾರು? ಯಾವ ನಂಬರ ಇದು?"

"ಅವ್ವಾ, ನಾನು."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದಳು. ಮಾಯಾ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಅವಳ ಬೆನ್ನ ಹಿಂದೆ ಕೂಸು ಗೋಡೆ ಬಿಟ್ಟು, ಎರಡೂ ಕೈ ಮೇಲೆತ್ತಿ, ಶೇಂಗಾದ ಬುಟ್ಟಿಯ ಕಡೆಗೆ ತಟಪಟ ಹೆಜ್ಜೆ ಹಾಕಿತು.

"ಅಯ್ ಶಿವನ! ನಡ್ಯಾಕತ್ತಾನ!" ಅಕ್ಕ ಕೂಗಿದಳು.

"ಮೂರ ತಿಂಗಳಾತವ್ವಾ."

"ಮೂರ ತಿಂಗಳಾ? ಮೂರ ತಿಂಗಳಿಂದ ನನಗ ಯಾಕ ತೋರಿಸ್ಲಿಲ್ಲ ಬೇ?"

ಮಾಯಾ ನನ್ನ ಕಡೆ ನೋಡಿದಳು. ಈಗಲೂ ಏನೂ ಹೇಳಲಿಲ್ಲ ಪುಣ್ಯಾತಗಿತ್ತಿ. ನಾನೇ ಅವಳ ಕೈಯಿಂದ ಫೋನು ತೆಗೆದುಕೊಂಡೆ.

"ಅಕ್ಕಾ, ತಪ್ಪ ನಂದ ಐತಿ. ನಾ ಮದಿವ್ಯಾಗ..."

"ನಿಂದ ಆಮ್ಯಾಲ ಹೇಳುವಂತಿ, ಆಕಡೆ ಸರಿ. ನಿನ್ನ ಮೀಸಿ ನೋಡಿ ನಾ ಏನ ಮಾಡ್ಲಿ? ಕೂಸಿನ ತೋರ್ಸೋ ಮೊದಲ!"

ನಾನು ಅಂಗಳಕ್ಕಿಳಿದು, ಮೊಣಕಾಲೂರಿ ಕುಳಿತು, ಫೋನನ್ನು ಕೂಸಿನ ಕಡೆಗೆ ತಿರುಗಿಸಿ ಹಿಡಿದೆ.